ವಿಲನ್‌ಗೆ ಅಮ್ಮ ಇಲ್ಲ

ಹಳೇ ಕನ್ನಡ ಸಿನಿಮಾದ ವಿಲನ್‌ಗೆ ಸಾಮಾನ್ಯವಾಗಿ ಅಮ್ಮ ಇರುವುದಿಲ್ಲ. ದೊಡ್ಡ ಬಂಗಲೆ ಇರುತ್ತದೆ. ಅದರೊಳಗೆ ಸುತ್ತಿ ಇಳಿಯುವ ಮೆಟ್ಟಿಲು, ಗೋಡೆಗೆ ಹುಲಿಯ ತಲೆ, ಕೈಯಲ್ಲಿ ಗ್ಲಾಸು. 'ಎಸ್ ಬಾಸ್' ಎನ್ನಲು ನಾಲ್ಕು ಜನ. ಆದರೆ 'ಊಟ ಮಾಡಿದ್ಯೇನೋ?' ಎಂದು ಕೇಳುವವರು ಒಬ್ಬರೂ ಇಲ್ಲ. ಹೀರೋ ಮನೆಯಲ್ಲಿ ಎಲ್ಲ ಉಲ್ಟಾ. ಸೂರು ಸೋರುತ್ತದೆ, ಅಮ್ಮ ಕೆಮ್ಮುತ್ತಾಳೆ, ತಂಗಿ ಮದುವೆಗೆ ಬಂದಿದ್ದಾಳೆ. ಇಷ್ಟು ತೋರಿಸಿದರೆ ಸಾಕು, ನಾವು ಅವನ ಕಡೆ. ಅವನು ಒಳ್ಳೆಯವನೋ ಕೆಟ್ಟವನೋ ಅಂತ ಆಮೇಲೆ ಯಾರು ವಿಚಾರಿಸುತ್ತಾರೆ?

ಹೀರೋ ಇಷ್ಟವಾಗುವುದು ಅವನ ಒಳ್ಳೇತನಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ನನಗೇಕೋ ನಂಬಿಕೆ ಇಲ್ಲ. ಕ್ಯಾಮೆರಾ ಯಾರ ಮನೆಯಲ್ಲಿ ಜಾಸ್ತಿ ಹೊತ್ತು ಕೂತಿತೋ ನಾವು ಅವರ ಪಕ್ಷ. ಬೀದಿಯಲ್ಲಿ ಎರಡು ಸ್ಕೂಟರ್ ತಾಗಿ ಜಗಳವಾದಾಗಲೂ ಹಾಗೇ ಅಲ್ವಾ? ಯಾರು ಮೊದಲು ನಮ್ಮ ಹತ್ತಿರ ಬಂದು ಗೋಳು ಹೇಳಿಕೊಂಡರೋ ಅವರದೇ ಸರಿ.

ಮನೆ ಆಯಿತು, ಮುಂದಿನದು ಅವಮಾನ. 1975ರ 'ಮಯೂರ'ದಲ್ಲಿ ರಾಜ್‌ಕುಮಾರ್ ಪಲ್ಲವರ ಕಂಚಿಯಲ್ಲಿ ತಲೆ ಎತ್ತಿ ನಿಲ್ಲುವ ಮೊದಲು ಬೇಕಾದಷ್ಟು ಮಾತು ಕೇಳಬೇಕು. ಆ ಮಾತುಗಳನ್ನು ನಾವೂ ಲೆಕ್ಕ ಇಟ್ಟುಕೊಂಡಿರುತ್ತೇವೆ, ಬಡ್ಡಿ ಸಮೇತ ವಸೂಲಿಗೆ. ಈ ಉಪಾಯ ಗಾಂಧಿನಗರದಲ್ಲಿ ಹುಟ್ಟಿದ್ದೇನಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನದಲ್ಲೇ ಇದೆ. ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ, ಅಂದರೆ ಸಿನಿಮಾದ ಮಯೂರ, ಓದಲು ಕಂಚಿಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು, ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು. ಸುಮಾರು 1500 ವರ್ಷದ ಹಿಂದೆ ಇದನ್ನು ಬರೆದವನು ಕುಬ್ಜ ಎಂಬ ಕವಿ, ಕದಂಬರ ಕಡೆಯವನು. ಸವಾರ ಪಾಪ ಏನು ಅಂದನೋ, ಯಾಕೆ ಅಂದನೋ. ಅವನ ಮನೆಗೆ ಕುಬ್ಜ ಹೋಗಿ ಕೇಳಿದ ಹಾಗೆ ಕಾಣುವುದಿಲ್ಲ.

ಆ 'ಮಯೂರ'ದಲ್ಲಿ ಪಲ್ಲವರ ಕಡೆ ನಿಂತವರು ವಜ್ರಮುನಿ. ಅವರು ಏನೂ ಮಾಡಬೇಕಾಗಿರಲಿಲ್ಲ. ಸುಮ್ನೆ ಒಂದು ಹುಬ್ಬು ಏರಿಸಿ ನಕ್ಕರೆ ಸಾಕು, ಟೆಂಟಿನ ನೆಲದಲ್ಲಿ ಕೂತ ಹೆಂಗಸರು 'ನಿನ್ನ ಮನೆ ಹಾಳಾಗ' ಎಂದು ಶಾಪ ಹಾಕುತ್ತಿದ್ದರು. ಬಂಗಲೆ ಇತ್ತು, ಹಾಳಾಗಲು ಮನೆ ಎಲ್ಲಿತ್ತು? ಪಾತ್ರ ಎಷ್ಟು ಕೊಲೆ ಮಾಡಿಸಿತು ಎನ್ನುವುದು ಯಾರಿಗೂ ನೆನಪಿರುವುದಿಲ್ಲ. ಕೊಲೆಗಳು ನಮಗೆ ದೂರದ ವಿಷಯ. ಆದರೆ ಊಟಕ್ಕೆ ಕೂತವನ ತಟ್ಟೆಯನ್ನು ಒದ್ದ ನೋಡಿ, ಅಲ್ಲಿಗೆ ಮುಗಿಯಿತು. ತಟ್ಟೆ ಒದ್ದವನನ್ನು ಕ್ಲೈಮ್ಯಾಕ್ಸಿನ ತನಕ ಯಾರೂ ಕ್ಷಮಿಸುವುದಿಲ್ಲ. ಮುದುಕರನ್ನು ತಳ್ಳುವುದು, ದೇವರ ಉತ್ಸವಕ್ಕೆ ಅಡ್ಡ ಬರುವುದು, ಬಡವನ ಹಸು ಹೊಡೆದುಕೊಂಡು ಹೋಗುವುದು, ಎಲ್ಲ ಇದೇ ಜಾತಿಯವು. ಕಥೆ ಬರೆಯುವವರಿಗೆ ನಮ್ಮ ಸಿಟ್ಟಿನ ಜಾಗ ಚೆನ್ನಾಗಿ ಗೊತ್ತು.

ವಿಲನ್‌ಗೂ ಮನೆ ಕೊಟ್ಟರೆ ಏನಾಗುತ್ತದೆ? 1973ರ 'ಗಂಧದ ಗುಡಿ'ಯಲ್ಲಿ ರಾಜ್‌ಕುಮಾರ್ ಎದುರು ನಿಂತವರು ವಿಷ್ಣುವರ್ಧನ್. ಹಿಂದಿನ ವರ್ಷವಷ್ಟೇ 'ನಾಗರಹಾವು' ಬಂದಿತ್ತು, ಅದರಲ್ಲಿ ರಾಮಾಚಾರಿಯಾಗಿದ್ದ ವಿಷ್ಣುವರ್ಧನ್‌ರನ್ನು ಜನ ಆಗಲೇ ಮನೆಮಗ ಮಾಡಿಕೊಂಡಿದ್ದರು. ಅವರನ್ನು ಪೂರ್ತಿ ಕೆಟ್ಟವರಾಗಿ ಉಳಿಸುವುದು ಹೇಗೆ? ಕೊನೆಗೆ ಇಬ್ಬರೂ ಅಣ್ಣತಮ್ಮಂದಿರಾದರು. ಬೇರೆ ದಾರಿ ಇರಲಿಲ್ಲ ಅಂತ ನನ್ನ ಅನಿಸಿಕೆ.

ಇನ್ನೂ ಪೇಚಾಟದ್ದು 1983ರ 'ಭಕ್ತ ಪ್ರಹ್ಲಾದ'. ಹಿರಣ್ಯಕಶಿಪು ಸ್ವತಃ ರಾಜ್‌ಕುಮಾರ್, ಪ್ರಹ್ಲಾದ ಅವರದೇ ಮಗ ಪುನೀತ್. ಹುಡುಗ ಗೆಲ್ಲಬೇಕು, ಅದು ಪುರಾಣ. ಆದರೆ ಸೋಲಬೇಕಾದವನು ಅಣ್ಣಾವ್ರು! ಮಗನ ಮೇಲೆ ಪ್ರಾಣವನ್ನೇ ಇಟ್ಟ ಅಪ್ಪ, ಮಗ ಮಾತು ಕೇಳುತ್ತಿಲ್ಲ ಎಂದು ಉರಿಯುವ ಅಪ್ಪ. ಅಂಥವರು ಎಷ್ಟು ಮನೆಯಲ್ಲಿಲ್ಲ? ಕಂಬ ಒಡೆದು ನರಸಿಂಹ ಬಂದಾಗ ಕೈ ಮುಗಿಯುವುದೋ ಮರುಗುವುದೋ ಗೊತ್ತಾಗುವುದಿಲ್ಲ. ದೇವರೇ ಬಂದರೂ ನಮ್ಮ ಕಣ್ಣು ಅಪ್ಪನ ಮೇಲೆ.

ಈಗಿನವರು ಬಲು ಜಾಣರು. ಕೊಲೆಗಾರನನ್ನೇ ಒಳಗೆ ಕರೆದು ಕೂರಿಸಿಬಿಡುತ್ತಾರೆ. 2018ರ 'ಕೆಜಿಎಫ್' ನೋಡಿ. ರಾಕಿ ಮಾಡುವ ಕೆಲಸ ಯಾವುದೂ ಮಕ್ಕಳಿಗೆ ಹೇಳಿಕೊಡುವಂಥದ್ದಲ್ಲ. ಆದರೆ ಸಾಯುವ ಅಮ್ಮನಿಗೆ ಮಾತು ಕೊಟ್ಟಿದ್ದಾನೆ, ಇನ್ನೇನು ಬೇಕು? 2021ರ 'ಗರುಡ ಗಮನ ವೃಷಭ ವಾಹನ'ದ ಶಿವನಂತೂ ನನ್ನನ್ನು ಪೂರ್ತಿ ಕೆಡಿಸಿದ. ರಾಜ್ ಬಿ. ಶೆಟ್ಟಿಯ ಶಿವ ಮಂಗಳೂರಿನ ಮೈದಾನದಲ್ಲಿ ಹುಡುಗರ ಜೊತೆ ಕ್ರಿಕೆಟ್ ಆಡುತ್ತಾನೆ. ಕೊಲೆ ಮಾಡಿ ಬಂದು ಹುಲಿವೇಷದ ಹೆಜ್ಜೆ ಹಾಕುತ್ತಾನೆ. ಹಿಂದೆ ಮಾದಪ್ಪನ ಹಾಡು. ಥಿಯೇಟರಿನಲ್ಲಿ ಸತ್ತವನ ನೆನಪು ಯಾರಿಗಿತ್ತು? ಎಲ್ಲರ ಬಾಯಲ್ಲೂ ಶಿಳ್ಳೆ.

ಧಾರಾವಾಹಿಗಳು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ವಿಲನ್ ಅದೇ ಮನೆಯ ಸೊಸೆಯೋ ಚಿಕ್ಕಮ್ಮನೋ ಆಗಿರುತ್ತಾಳೆ. ರೇಷ್ಮೆ ಸೀರೆ ಉಟ್ಟು, ಎಲ್ಲರ ಜೊತೆ ಊಟಕ್ಕೆ ಕೂತು, ವಿಷ ಹಾಕುವ ಯೋಚನೆ ಮಾಡುತ್ತಾಳೆ. ನಮ್ಮ ಅತ್ತೆ ಶುರುವಿನಲ್ಲಿ ಅಂಥ ಒಬ್ಬಳನ್ನು ದಿನಾ ಬೈಯುತ್ತಿದ್ದರು. ಈಗ ಅವಳು ಒಂದು ರಾತ್ರಿ ಕಾಣಿಸದಿದ್ದರೆ 'ಇವತ್ತು ಏನೂ ಇರ್ಲಿಲ್ಲ ಬಿಡು' ಎಂದು ರಿಮೋಟು ಇಡುತ್ತಾರೆ. ಅರ್ಧ ಗಂಟೆ ಅತ್ತ ಹೀರೋಯಿನ್ ಲೆಕ್ಕಕ್ಕೇ ಇಲ್ಲ.