ಸತ್ಯಾಂಶ: ಮಲೆನಾಡಿನ ಮಳೆಗೆ ಮಣ್ಣಿನ ಗೋಡೆ ಕರಗುತ್ತದೆಯೇ?

ಮಳೆಗಾಲ ಹತ್ತಿರ ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ. ಮಣ್ಣಿನ ಗೋಡೆ ಮಲೆನಾಡಿನಲ್ಲಿ ನಿಲ್ಲದು, ಸಿಮೆಂಟ್ ಮೆತ್ತಿದರಷ್ಟೇ ಉಳಿಯುತ್ತದೆ ಅಂತ. ಜೊತೆಗೆ ಕುಸಿದ ಗೋಡೆಯ ಫೋಟೊ. ಹೆದರಿಕೆ ಸಹಜ, ಮನೆ ಅಂದರೆ ಜೀವಮಾನದ ದುಡಿಮೆ ಅಲ್ವಾ?

ಆದರೆ ಈ ಮಾತು ಸರಿಯಲ್ಲ. ನೀರು ನೇರವಾಗಿ ಬಡಿದರೆ ಹಸಿ ಮಣ್ಣು ಕರಗುವುದು ನಿಜ. ಅದಕ್ಕೇ ನಮ್ಮ ಹಿರಿಯರು ಕಲ್ಲಿನ ಅಡಿಪಾಯ ಹಾಕಿ, ಸೂರನ್ನು ಮುಂದಕ್ಕೆ ಚಾಚಿ, ಮಳೆಗಾಲದಲ್ಲಿ ಎರಚಲು ತಡೆಯಲು ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ. ಇಂಥ ಸೀಮೆಯಲ್ಲೇ ಮಣ್ಣಿನ ಮನೆಗಳು ತಲೆಮಾರುಗಟ್ಟಲೆ ಬಾಳಿವೆ.

ಸಿಮೆಂಟ್ ಮೆತ್ತುವುದೇ ಕೆಲವೊಮ್ಮೆ ತೊಂದರೆ. ಬಿರುಕಿನಿಂದ ಒಳಹೋದ ನೀರು ಆರದೆ ಉಳಿದು ಮಣ್ಣನ್ನು ಮೆತ್ತಗಾಗಿಸುತ್ತದೆ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ.

ಫೋಟೊ ಬಂದರೆ ಊರು, ವರ್ಷ ಹುಡುಕಿ. ಸೂರು ಇತ್ತಾ, ಬುಡದಲ್ಲಿ ನೀರು ನಿಂತಿತ್ತಾ ನೋಡಿ. ನಿಮ್ಮ ಮಣ್ಣನ್ನೂ ಪರೀಕ್ಷಿಸಬಹುದು. ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು ಹಾಕಿ ಕುಲುಕಿ, ಒಂದು ದಿನ ಸುಮ್ನೆ ಬಿಡಿ. ತಳದಲ್ಲಿ ಮರಳು, ಮೇಲೆ ಜೇಡಿ ನಿಲ್ಲುತ್ತದೆ. ಜೇಡಿ ತುಂಬಾ ಜಾಸ್ತಿ ಇದ್ದರೆ ಗೋಡೆ ಒಣಗುವಾಗ ಬಿರುಕು ಬಿಡುತ್ತದೆ, ಮರಳು ಬೆರೆಸಿಕೊಳ್ಳಿ.