ಮೀನಿನ ಊಟಕ್ಕೂ ಊಟ

ಕ್ಲೌನ್‌ಫಿಶ್ ಎಂಬ ಸಮುದ್ರದ ಪುಟ್ಟ ಮೀನು ಸಾಕುವವರಿಗೆ ಜೋಡಿ ಹುಡುಕುವ ತಲೆನೋವಿಲ್ಲ. ಚಿಕ್ಕಂದಿನಲ್ಲಿ ಅವುಗಳಲ್ಲಿ ಯಾವುದೂ ಹೆಣ್ಣಲ್ಲ. ಎರಡು ಮರಿ ತಂದು ಬಿಟ್ಟರೆ ಸಾಕು. ಜಗಳ ಆಡಿ ಗೆದ್ದು ದಪ್ಪಗಾದದ್ದು ಹೆಣ್ಣಾಗುತ್ತದೆ, ಸೋತದ್ದು ಗಂಡನಾಗಿ ಉಳಿಯುತ್ತದೆ. ಇದನ್ನು ನಾನು ಮನೆಯಲ್ಲಿ ವಿವರಿಸಿದಾಗ ಅತ್ತೆ, "ಇದರಲ್ಲಿ ಹೊಸದೇನಿದೆ?" ಎಂದರು. ಮಾವ ಸುಮ್ನೆ ಪೇಪರ್ ಮಗುಚಿದರು.

ಬೆಂಗಳೂರಿನ ಮೂರನೇ ಮಹಡಿಯಲ್ಲಿ ಸಮುದ್ರ ಮಾಡುವುದು ಬೇರೆಯೇ ಕಥೆ. ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಅಕ್ವೇರಿಯಂ ಉಪ್ಪು ಬೆರೆಸಬೇಕು. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಹಾಗಾಗಿ ದಿನಾ ಸಿಹಿನೀರು ಸೇರಿಸುತ್ತಿರಬೇಕು. ಸಿಡಿದ ನೀರಿನ ಉಪ್ಪು ವೈರು, ಸ್ಟ್ಯಾಂಡು, ಟಿವಿ ರಿಮೋಟಿನ ಮೇಲೆಲ್ಲ ಬೆಳ್ಳಗೆ ಕೂರುತ್ತದೆ. ಬಕೆಟ್‌ಗಟ್ಟಲೆ ಉಪ್ಪು ಬರುವುದನ್ನು ನೋಡಿದ ವಾಚ್‌ಮನ್, "ಸಾರ್, ಮಾವಿನಕಾಯಿನಾ ನಿಂಬೆಕಾಯಿನಾ?" ಎಂದು ಕೇಳಿದ್ದ.

ಅಂತೂ ಒಂದು ದಿನ ಟ್ಯಾಂಕಿನ ಟೈಲ್ಸ್ ತುಂಡಿನ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆಗಳು ಬಂದವು, ನೂರಾರು. ಗಂಡ ಹಗಲೆಲ್ಲ ಪಕ್ಕದಲ್ಲೇ ನಿಂತು ರೆಕ್ಕೆಯಿಂದ ಗಾಳಿ ಹಾಕುತ್ತಿತ್ತು. ಗಾಜು ಒರೆಸಲು ಕೈ ಇಳಿಸಿದರೆ ಹೆಂಡತಿ ಬಂದು ಬೆರಳಿಗೇ ಕಚ್ಚಿತು. ಬೆರಳುದ್ದದ ಮೀನು, ಆದರೆ ಒಂದು ಸಲ ಬಿಟ್ಟು ಮತ್ತೆ ಅದೇ ಜಾಗಕ್ಕೆ ಬಾಯಿ ಹಾಕುತ್ತದೆ.

ವಾರ ಕಳೆಯುವಷ್ಟರಲ್ಲಿ ಮೊಟ್ಟೆಯೊಳಗೆ ಬೆಳ್ಳಿ ಕಣ್ಣುಗಳು ಹೊಳೆಯತೊಡಗಿದವು. ಹಾಗೆ ಹೊಳೆದರೆ ಆ ರಾತ್ರಿಯೋ ಮರುದಿನವೋ ಒಡೆಯುತ್ತವೆ. ಅದೂ ಪೂರ್ತಿ ಕತ್ತಲಾದ ಮೇಲೆಯೇ. ಹಾಲ್‌ನ ಲೈಟು, ಟಿವಿ, ಎಲ್ಲ ಆಫ್. ಐಪಿಎಲ್‌ನ ಕೊನೆಯ ಓವರು ನಡೆಯುತ್ತಿತ್ತು. ಮನೆಯವರು ನನ್ನನ್ನು ನೋಡಿದ ರೀತಿ ಕತ್ತಲಲ್ಲೂ ಗೊತ್ತಾಯಿತು. ಪಕ್ಕದ ಮನೆಯವರು ಮೇಣದಬತ್ತಿ ಹಿಡಿದು ಬಂದು, "ನಿಮಗೊಬ್ಬರಿಗೇ ಕರೆಂಟ್ ಇಲ್ವಾ?" ಎಂದರು.

ಆಮೇಲೆ ಒಂದು ಮೂಲೆಗೆ ಟಾರ್ಚ್ ಹಿಡಿದರೆ ಮರಿಗಳು ಬೆಳಕಿಗೆ ಬಂದು ಸೇರಿದವು. ಮೂರ್ನಾಲ್ಕು ಮಿಲಿಮೀಟರ್ ಉದ್ದ, ಕಣ್ಣಿಗೆ ಬಾಲ ಕಟ್ಟಿ ಬಿಟ್ಟ ಹಾಗೆ. ಮೆಲ್ಲಗೆ ಮೊಗೆದು ಬೇರೆ ತೊಟ್ಟಿಗೆ ಹಾಕಿದೆ. ಅಲ್ಲೇ ಬಿಟ್ಟಿದ್ದರೆ ಫಿಲ್ಟರ್ ಎಳೆದುಕೊಳ್ಳುತ್ತಿತ್ತು. ಉಳಿದದ್ದನ್ನು ಟ್ಯಾಂಕಿನ ಮೀನುಗಳೇ ಮುಗಿಸುತ್ತಿದ್ದವು, ಹೆತ್ತವರೂ ಸೇರಿ.

ಇಷ್ಟು ಸಣ್ಣ ಬಾಯಿಗೆ ಹಿಡಿಸುವುದು ರೋಟಿಫರ್ ಎಂಬ ಜೀವಿ. ಅದಕ್ಕೆ ಅರ್ಧ ಮಿಲಿಮೀಟರೂ ಇಲ್ಲ. ಲೋಟಕ್ಕೆ ನೀರು ತುಂಬಿ ಬೆಳಕಿಗೆ ಹಿಡಿದರೆ ಧೂಳು ತನ್ನಷ್ಟಕ್ಕೆ ಓಡಾಡಿದಂತೆ ಕಾಣುತ್ತದೆ, ಅಷ್ಟೇ. ರೋಟಿಫರ್‌ಗೆ ಊಟ ಹಸಿರು ಪಾಚಿ. ಪಾಚಿಗೆ ಗೊಬ್ಬರ, ಬೆಳಕು, ಗಾಳಿ. ಬಾಲ್ಕನಿಯಲ್ಲಿ ಗುಳುಗುಳು ಎನ್ನುವ ಹಸಿರು ಬಾಟಲಿಗಳ ಸಾಲು. ಕೇರಳದ ವಿಳಿಂಜಂ, ತಮಿಳುನಾಡಿನ ಮಂಡಪಂನ ಸಮುದ್ರ ಮೀನುಗಾರಿಕೆ ಸಂಶೋಧನಾ ಕೇಂದ್ರಗಳಲ್ಲಿ ವಿಜ್ಞಾನಿಗಳು ಕ್ಲೌನ್‌ಫಿಶ್ ಮರಿ ಮಾಡಿಸಿದ್ದಾರೆ. ಅವರಿಗೆ ಲ್ಯಾಬ್ ಇದೆ, ಸಿಬ್ಬಂದಿ ಇದ್ದಾರೆ. ನನಗಿದ್ದದ್ದು ಅಡುಗೆಮನೆಯ ಫ್ರಿಜ್ಜು. ಮಾವ ದಿನಾ ಬೆಳಿಗ್ಗೆ ಗರಿಕೆ ಜ್ಯೂಸ್ ಕುಡಿಯುತ್ತಾರೆ. ಒಂದು ದಿನ ಫ್ರಿಜ್ಜಿನಲ್ಲಿದ್ದ ನನ್ನ ಪಾಚಿ ಬಾಟಲಿಯಿಂದಲೇ ಗುಟುಕು ಹಾಕಿ, "ಇವತ್ತು ಉಪ್ಪು ಸ್ವಲ್ಪ ಜಾಸ್ತಿ" ಎಂದು ಅತ್ತೆಗೆ ಹೇಳಿದರು. ಅತ್ತೆ ಎರಡು ದಿನ ಇಬ್ಬರ ಜೊತೆಗೂ ಮಾತಾಡಲಿಲ್ಲ.

ಮೊದಲ ವಾರದಲ್ಲೇ ಮರಿಗಳು ಸಾಲುಸಾಲಾಗಿ ಸತ್ತವು. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಉಳಿದ ಕೆಲವಕ್ಕೆ ಎರಡನೇ ವಾರದಲ್ಲಿ ತಲೆಯ ಹಿಂದೆ ಬಿಳಿ ಪಟ್ಟೆ ಮೂಡಿತು. ನೋಡಿದವರೆಲ್ಲ, "ಎಷ್ಟು ಮುದ್ದಾಗಿವೆ" ಎಂದರು. ತಗೊಂಡು ಹೋಗಿ ಅಂದರೆ, "ನಮ್ಮನೇಲಿ ಉಪ್ಪು ನೀರಿಲ್ವಲ್ಲ" ಎಂದು ಜಾರಿಕೊಂಡರು.

ಅಷ್ಟರಲ್ಲಿ ದೊಡ್ಡ ಟ್ಯಾಂಕಿನ ಟೈಲ್ಸ್ ಮತ್ತೆ ಕಿತ್ತಳೆಯಾಗಿತ್ತು. ಒಂದು ಸಲ ಶುರುವಾದರೆ ಈ ಜೋಡಿ ಎರಡು ವಾರಕ್ಕೊಮ್ಮೆ ಹೀಗೇ ಇಡುತ್ತಿರುತ್ತದೆ. ಈ ವಿಷಯವನ್ನು ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಮರಿಗಳು ಇನ್ನಷ್ಟು ದೊಡ್ಡವಾದ ಮೇಲೆ ಚೀಲಕ್ಕೆ ಹಾಕಿಕೊಂಡು ಮೀನಿನ ಅಂಗಡಿಗೆ ಹೋದೆ. ಅಂಗಡಿಯವನು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ. ಮೆಚ್ಚಿಕೊಂಡ.

"ದುಡ್ಡು ಬೇಡ ಸಾರ್, ನಮ್ಮಲ್ಲಿ ಲೆಕ್ಕ ಚುಕ್ತಾ ಮಾಡೋಣ" ಎಂದು ಒಳಗೆ ಹೋಗಿ, ಎರಡು ಬಕೆಟ್ ಉಪ್ಪು ತಂದಿಟ್ಟ.