ಟ್ರೇಲ್ ದೊಡ್ಡದಾ, ಪ್ಯೂರ್ ಸೀಕ್ವೆನ್ಸ್ ದೊಡ್ಡದಾ?

ತೀನ್ ಪತ್ತಿ, ಅಂದ್ರೆ ಮೂರೆಲೆ ಆಟ, ಆಡೋರೆಲ್ಲ ಬೈದ್ರೂ ಪರ್ವಾಗಿಲ್ಲ, ಹೇಳ್ಬಿಡ್ತೀನಿ. ಟ್ರೇಲ್‌ನ (ಒಂದೇ ನಂಬರಿನ ಮೂರೆಲೆ) ಎಲ್ಲಕ್ಕಿಂತ ಮೇಲೆ ಕೂರ್ಸಿದಾರಲ್ಲ, ಅದು ಲೆಕ್ಕದ ಪ್ರಕಾರ ತಪ್ಪು. ಯುಗಾದಿಗೆ ಎಲೆ ಹಾಕ್ಕೊಂಡು ಕೂತಾಗ ಈ ಮಾತು ತೆಗೆದ್ರೆ ಸಾಕು, "ಮೂರು ಎಕ್ಕ ಬಿದ್ದಿದ್ದು ನೋಡಿದೀಯೇನೋ ಯಾವತ್ತಾದ್ರೂ" ಅಂತ ಮಾವ ಶುರು ಹಚ್ಕೋತಾರೆ.

ಸರಿ, ಲೆಕ್ಕಾನೇ ಹಾಕೋಣ. ಮೊದಲ್ನೇ ಎಲೆ ಯಾವುದಾದ್ರೂ ಬರಲಿ, ಒಂಬತ್ತು ಅಂತಿಟ್ಕೊಳ್ಳಿ. ಈಗ ಕಟ್ಟಲ್ಲಿ ಉಳಿದಿದ್ದು 51, ಅದ್ರಲ್ಲಿ ಒಂಬತ್ತು ಬರೀ 3. ಎರಡ್ನೇದೂ ಒಂಬತ್ತೇ ಬಂದ್ರೆ ಆಮೇಲೆ 50ರಲ್ಲಿ 2. 3/51 ಇಂಟು 2/50, ಅಂದ್ರೆ 425ಕ್ಕೆ ಒಂದು. ಪಿಯುಸಿ ಹುಡುಗ್ರು ಸುಮಾರು ಜನ ಎಡವೋದು ಇಲ್ಲೇ, ಎರಡು ಸಲಾನೂ 4/52 ಅಂತ ಬರೆದು 169ಕ್ಕೆ ಒಂದು ಅಂತಾರೆ, ತೆಗೆದ ಎಲೇನ ವಾಪಸ್ ಕಟ್ಟಿಗೆ ಸೇರ್ಸಿ ಕಲೆಸಿದ್ರೆ ಮಾತ್ರ ಅದು ಸರಿ, ಹಂಗೆ ಯಾರಪ್ಪ ಆಡ್ತಾರೆ?

ಪ್ಯೂರ್ ಸೀಕ್ವೆನ್ಸ್ ಅಂದ್ರೆ ಒಂದೇ ಜಾತಿಯ ಮೂರೆಲೆ ಸಾಲಾಗಿ ಬರೋದು, ಅದಕ್ಕೆ ಹಿಂಗೆ ಒಂದೊಂದೇ ಎಲೆ ಹಿಡ್ಕೊಂಡು ಹೋದ್ರೆ ತಲೆ ಕೆಡುತ್ತೆ, ಮೊದಲು ಬಂದಿದ್ದು ಎಕ್ಕಾನೋ ಎಂಟೋ ಅನ್ನೋದ್ರ ಮೇಲೆ ಮುಂದಿಂದು ಬದಲಾಗುತ್ತೆ. ಎಣಿಸೋದೇ ಸುಲಭ. 52ರಲ್ಲಿ ಮೂರೆಲೆ ಸೆಟ್ಟು ಒಟ್ಟು 22,100. ಎಕ್ಕ-ಎರಡು-ಮೂರರಿಂದ ರಾಣಿ-ರಾಜ-ಎಕ್ಕದವರೆಗೆ 12 ಸಾಲು, ಇಸ್ಪೇಟು ಆಟೀನು ಡೈಮಂಡು ಕಳಾವರ ನಾಲ್ಕರಲ್ಲೂ ಸೇರಿ 48. ಟ್ರೇಲ್? 13 ನಂಬರ್, ಒಂದೊಂದಕ್ಕೂ 4 ಥರ, 52. ಯಾವುದು ಅಪರೂಪ ನೀವೇ ಹೇಳಿ! ಸೀಕ್ವೆನ್ಸ್ (ಸಾಲು ಇದೆ, ಒಂದೇ ಜಾತಿ ಅಲ್ಲ) 720, ಕಲರ್ (ಒಂದೇ ಜಾತಿ, ಸಾಲಿಲ್ಲ) 1,096, ಜೋಡಿ 3,744, ಇವೆಲ್ಲ ಸರಿಯಾದ ಜಾಗದಲ್ಲೇ ಇವೆ, ಮೇಲಿನೆರಡು ಮಾತ್ರ ಉಲ್ಟಾ. ಕ್ಯಾಸಿನೋದ ತ್ರೀ ಕಾರ್ಡ್ ಪೋಕರ್‌ನಲ್ಲಿ ಪ್ಯೂರ್ ಸೀಕ್ವೆನ್ಸೇ ಮೇಲೆ.

1967ರಲ್ಲಿ ಸುಪ್ರೀಂ ಕೋರ್ಟ್ ಒಂದು ರಮ್ಮಿ ಕೇಸಲ್ಲಿ, ಬಿದ್ದ ಎಲೆ ನೆನಪಿಟ್ಕೋಬೇಕು, ಹಂಗಾಗಿ ರಮ್ಮಿ ಮೂರೆಲೆ ಥರ ಬರೀ ಅದೃಷ್ಟದಾಟ ಅಲ್ಲ ಅಂದಿತ್ತು. ಒಪ್ಪೋಣ, ಆದ್ರೆ ಮೂರೆಲೇಲೂ ಕೈಯಲ್ಲಿರೋದನ್ನ ನೋಡಿದ ಕೂಡ್ಲೇ ಎದುರಿನೋರ ಲೆಕ್ಕ ಬದಲಾಗುತ್ತೆ. ನನ್ ಹತ್ರ ಆಟೀನು ಏಳು-ಎಂಟು-ಒಂಬತ್ತಿದೆ ಅನ್ಕೊಳ್ಳಿ, ಎದುರಿನೋನು ಬ್ಲೈಂಡ್, ಅಂದ್ರೆ ತನ್ನ ಎಲೆ ನೋಡ್ದೇನೇ, ಆಡ್ತಿದಾನೆ. ಅವನ ಮೂರೆಲೆ ಬರೋದು ಉಳಿದ 49ರಿಂದ, 18,424 ಥರ. ಅದ್ರಲ್ಲಿ ಟ್ರೇಲ್ 43. ಪ್ಯೂರ್ ಸೀಕ್ವೆನ್ಸ್ ಎಷ್ಟು? ಐದು-ಆರು-ಏಳರಿಂದ ಒಂಬತ್ತು-ಹತ್ತು-ಗುಲಾಮದವರೆಗೆ ಆಟೀನಿನ 5 ಸಾಲನ್ನ ನನ್ನ ಎಲೆಗಳೇ ಕೆಡಿಸಿವೆ, ಹಂಗಾಗಿ 48ರಲ್ಲಿ 5 ಹೋಗಿ ಅದೂ 43. ಎರಡೂ ಸಮ! ಟ್ರೇಲ್ ಪಾರ್ಟಿಯವರಿಗೆ ಇದೊಂದು ಪಾಯಿಂಟ್ ಬಿಟ್ಕೊಡ್ತೀನಿ, ಕಾಮೆಂಟಲ್ಲಿ ಬನ್ನಿ.